ಶೋಕೇಸಿನಲ್ಲಿಟ್ಟ ಫಿಲ್ಟರ್

"ರಾತ್ರಿ ಎರಡು ಗಂಟೆಗೆ ಪುನಃ ಗರಗರ ಶಬ್ದ. ಎದ್ದು ನೋಡಿದರೆ ಮೀನಿನ ತೊಟ್ಟಿಯ ಫಿಲ್ಟರಿನ ಮೋಟಾರು ತಿರುಗುತ್ತಾ ಉಂಟು, ನೀರು ಮಾತ್ರ ಇಲ್ಲ."

ಕಾರ್ಕಳದ ಬಸ್ ನಿಲ್ದಾಣದಲ್ಲಿ ನಿಂತಿದ್ದ ಸುಗಂಧಿ ತಿರುಗಿ ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿರುವುದು ನೆರೆಮನೆಯ ಮ್ಯಾಗ್ಡಲಿನ್ ಬಾಯಿ ಎಂದು ಧ್ವನಿಯಿಂದಲೇ ತಿಳಿಯಿತು. ಜೊತೆಗಿದ್ದವನು ರೇಡಿಯೋ ರಿಪೇರಿಯ ಉಮಾನಾಥ.

"ಪೈಪಿನಲ್ಲಿ ಗಾಳಿ ಉಂಟೋ ಏನೋ ಬಾಯಿ."

"ವಾರದಿಂದ ಅದನ್ನೇ ಹೇಳುತ್ತೀರಿ. ಎರಡು ಮೀನು ಸತ್ತವು. ನಾಳೆ ನಮ್ಮ ಯಜಮಾನರು ಬಹರೈನಿನಿಂದ ಬಂದರೆ ಮೊದಲು ನೋಡುವುದು ನನ್ನನ್ನಲ್ಲ, ಮೀನಿನ ತೊಟ್ಟಿಯನ್ನು."

"ಫಿಲ್ಟರಿನ ಜೊತೆ ಬಂದ ಪುಸ್ತಕ ತಂದಿರಾ?"

ಕಾಗದ ಮಗುಚುವ ಸದ್ದು.

"ಚಿತ್ರದಲ್ಲಿ ಈ ಫಿಲ್ಟರಿನ ಡಬ್ಬ ತೊಟ್ಟಿಯ ಕೆಳಗೆ ಉಂಟಲ್ಲ ಬಾಯಿ. ನೀರು ತಾನಾಗಿ ಇಳಿದು ಅದಕ್ಕೆ ತುಂಬಬೇಕು. ನಾವು ಮೇಲೆ ಶೋಕೇಸಿನಲ್ಲಿ ಇಟ್ಟಿದ್ದೇವೆ."

"ಗಲ್ಫಿನ ಸಾಮಾನನ್ನು ಯಾರಾದರೂ ನೆಲದಲ್ಲಿ ಇಡುತ್ತಾರಾ? ಬಂದವರಿಗೆ ಕಾಣುವುದು ಬೇಡವಾ?"

"ಕಂಡಿತಲ್ಲ, ಸತ್ತ ಮೀನೂ ಕಂಡಿತು."

"ನಾನು ಹೇಳಿದೆ ಅಂತ ಇಟ್ಟುಬಿಡುವುದಾ? ರಿಪೇರಿಯವರು ನೀವೋ ನಾನೋ?"

"ಇವತ್ತು ಕೆಳಗೆ ಇಳಿಸುವ. ಯಜಮಾನರಿಗೆ ಹೇಳಬೇಡಿ ಮತ್ತೆ. ನಾನು ಈ ಊರಿನಲ್ಲೇ ಅಂಗಡಿ ನಡೆಸಬೇಕು."

"ನಾನೆಂತಕ್ಕೆ ಹೇಳಲಿ ಮಾರಾಯ್ರೇ. ನನ್ನ ಮರ್ಯಾದೆಯೂ ಅದರಲ್ಲೇ ಉಂಟಲ್ಲ."

ಅಜೆಕಾರಿನ ಬಸ್ಸು ಬಂತು. ಇಬ್ಬರೂ ಹತ್ತಿದರು. ಅದೇ ಬಸ್ಸಿಗೆ ಹೋಗಬೇಕಿದ್ದ ಸುಗಂಧಿ, ತಾನು ಎಲ್ಲ ಕೇಳಿಸಿಕೊಂಡದ್ದು ಅವರಿಗೆ ಗೊತ್ತಾಗಬಾರದೆಂದು ಕಂಬದ ಮರೆಗೆ ಸರಿದು ನಿಂತಳು. ತಡವೇಕೆ ಎಂದು ಮನೆಯಲ್ಲಿ ಕೇಳಿದರೆ ಬಸ್ಸು ತಪ್ಪಿತು ಎಂದಷ್ಟೇ ಹೇಳುವುದೆಂದು ನಿಶ್ಚಯಿಸಿದಳು.