ಕುಂಕುಮ ಹಚ್ಚಿದ ಪ್ಲೇಟು

ಒಂದೂರು. ಅಲ್ಲೊಬ್ಬ ಶ್ರೀಮಂತ. ಅವನ ಜಲ್ಲಿ ಕ್ರಷರಿನಲ್ಲಿ ಲಾರಿಯಿಂದ ಬಂಡೆ ಬೀಳುವ ಹಾಪರಿನ ತಳಕ್ಕೆ ಸವೆಯದ ಗಟ್ಟಿ ಉಕ್ಕಿನ ಪ್ಲೇಟು ಹಾಕಬೇಕಿತ್ತು. ಅವನು ಸಾದಾ ಕಬ್ಬಿಣ ಹಾಕಿಸಿದ. ನಾಲ್ಕು ತಿಂಗಳಿಗೆ ಅದು ಹರಿಯಿತು. ಕೆಳಗಿದ್ದ ಕೂಲಿಯವನು ಬಂಡೆಯಡಿ ಸತ್ತ.

ಕಥೆ ಮುಗಿಯಿತು ಅಂದುಕೊಂಡಿರಾ? ಇಲ್ಲ, ತಾಯಂದಿರೇ. ಇದು ಶ್ರೀಮಂತನ ಕಥೆಯಲ್ಲ. ಆ ಪ್ಲೇಟಿಗೆ ಬೆಸುಗೆ ಹಾಕಿದವನ ಕಥೆ.

ಅವನಿಗೊಂದು ರೂಢಿಯಿತ್ತು. ಹೊಸ ಪ್ಲೇಟು ಬಂದರೆ ಮೊದಲು ಅದರ ಅಂಚಿಗೆ ಅರ ಉಜ್ಜುವುದು. ನೋಡಿ, ಗಟ್ಟಿ ಉಕ್ಕಾದರೆ ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ಸಾದಾ ಕಬ್ಬಿಣವಾದರೆ ಕಚ್ಚುತ್ತದೆ, ಪುಡಿ ಉದುರುತ್ತದೆ. ಎರಡು ಗಳಿಗೆಯ ಕೆಲಸ. ಆದರೆ ಆ ಪ್ಲೇಟು ಬಂದದ್ದು ಆಯುಧಪೂಜೆಯ ದಿನ. ಅವನು ಬರುವಷ್ಟರಲ್ಲಿ ಅದಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿಯಾಗಿತ್ತು. ಅವನು ಅರ ಎತ್ತಿದ.

“ಏಯ್, ಪೂಜಿ ಆದ ಕಬ್ಬಿಣಕ್ಕ ಅರ ಹಚ್ತೀಯೇನಲೇ? ನಾಳೆ ಗುಡಿಗೆ ಹೋಗಿ ದೇವ್ರ ಮೂಗೂ ತಿಕ್ಕಿ ನೋಡ್ತೀಯೇನು?” ಎಂದ ಶ್ರೀಮಂತ.

ಸುತ್ತ ನಿಂತವರೆಲ್ಲ ನಕ್ಕರು. ಮುಂದೆ ಸಾಯಲಿದ್ದವನೂ ನಕ್ಕ. “ಬಿಡೋ ಮಾವಾ, ಮಂಡಕ್ಕಿ ಮೆತ್ತಗಾಗತೈತಿ!”

ಅಪಚಾರವಾದೀತೆಂದು ಹೆದರಿ ಅವನು ಅರ ಕೆಳಗಿಟ್ಟ. ಬೆಸುಗೆ ಹಾಕಿದ.

ಯಾವುದು ಅಪಚಾರ, ಹೇಳಿ? ಕುಂಕುಮ ಕೆದರುವುದೋ, ಕುಂಕುಮದ ಕೆಳಗೆ ಮೋಸ ಮುಚ್ಚಿಡುವುದೋ?

ಮಣ್ಣು ಮಾಡಿದ ಮೂರನೆಯ ದಿನ ಬೆಸುಗೆಯವನು ಸತ್ತವನ ಮನೆಗೆ ಹೋದ. ಹೆಂಡತಿ ಕೇಳಿದಳು: “ಅಣ್ಣಾ, ಬೆಸುಗಿ ಬಿಟ್ಟಿದ್ದಿಲ್ಲಂತ, ಹೌದಾ?”

“ಇಲ್ಲವ್ವಾ. ಪ್ಲೇಟೇ ಹರೀತು.”

“ಹಂಗಾದ್ರ ನಿನ್ನ ತಪ್ಪಿಲ್ಲ ಬಿಡು. ಬಂದವರಿಗೆಲ್ಲಾ ಅದನ್ನೇ ಹೇಳಾಕ ಹತ್ತೀನಿ,” ಎಂದು ತಂಬಿಗೆ ನೀರು ಕೊಟ್ಟಳು. ಅವನು ಕುಡಿಯದೆ ತಂಬಿಗೆ ಕೆಳಗಿಟ್ಟ. ಅವಳು ಬೈದಿದ್ದರೆ ಕುಡಿಯುತ್ತಿದ್ದನೇನೋ.

ಈಗ ಹೇಳಿ, ಆ ದಿನ ನಕ್ಕವರು ಯಾರು? ನಾವು. ಇಲ್ಲಿ ಕೂತಿರುವ ನಾವೇ. ಶಾಲೆಯ ಚಾವಣಿಗೆ ಕಾಯಿ ಒಡೆಯುತ್ತೀರಿ, ಹೊಸ ಸೇತುವೆಗೆ ಆರತಿ ಎತ್ತುತ್ತೀರಿ, ಕೇಳುವವನೊಬ್ಬ ಎದ್ದರೆ ‘ಶುಭದಿನ, ಕೂತ್ಕೋ’ ಅನ್ನುತ್ತೀರಿ. ಅನ್ನಬೇಡಿ! ಹೂವು ಏರಿಸುವ ಮೊದಲು ಪರೀಕ್ಷಿಸಿ. ಏರಿಸಿಯಾಗಿದ್ದರೆ ತೆಗೆದು ಪರೀಕ್ಷಿಸಿ. ಪರೀಕ್ಷಿಸುವವನನ್ನು ಕಂಡು ನಗಬೇಡಿ. ದೇವರಿಗೆ ಸಿಟ್ಟು ಬರುವುದಿಲ್ಲ. ಬಂದರೆ ಅದು ದೇವರಲ್ಲ, ಧಣಿ.

ಬೆಸುಗೆಯವನು ಏನಾದ ಅಂತೀರಾ? ಸತ್ತವನ ಮನೆಗೆ ಹೋಗಿಬಂದ ಮರುದಿನ ಬೆಳಿಗ್ಗೆ ಶ್ರೀಮಂತ ಅವನನ್ನು ಹಾಪರಿನ ಹತ್ತಿರ ಕರೆದ. ಅಸಲಿ ಪ್ಲೇಟು ಲಾರಿಯಲ್ಲಿ ಬಂದು ನಿಂತಿತ್ತು.

“ಮಧ್ಯಾಹ್ನ ತನಿಖೆ ಸಾಹೇಬ್ರು ಬರ್ತಾರ. ಹರದಿದ್ದು ಕತ್ತರಿಸಿ ಗುಜರಿಗೆ ಹಾಕು. ಇದನ್ನ ಕೂಡ್ಸು. ಮೊದ್ಲಿಂದ ಇದೇ ಇತ್ತು ಅನ್ನು. ಆ ಮಗ ಕುಡ್ದು ಕೆಳಗ ಮಲಗಿದ್ದ.”

“ಅವ ಕುಡೀತಿದ್ದಿಲ್ರೀ ಧಣೇರ.”

“ಮಲಗಿದ್ದನಲ್ಲ?”

“ಜಲ್ಲಿ ಬಳೀತಿದ್ದ.”

“ನಿನಗ ಕೆಲಸ ಬೇಕೋ ಬ್ಯಾಡೋ?”

ಬೆಸುಗೆಯವನು ಹರಿದ ಪ್ಲೇಟಿನ ಪಕ್ಕ ನೆಲದ ಮೇಲೆ ಕೂತುಬಿಟ್ಟ. “ಇದನ್ನ ಕತ್ತರಿಸಂಗಿಲ್ಲ. ಸಾಹೇಬ್ರು ಬರೋತನಾ ಇಲ್ಲೇ ಇರ್ತದ. ಹಾಕಿದವ ನಾನೇ ಅಂತ ಅದನ್ನೂ ಹೇಳ್ತೀನಿ.”

“ಏಳಲೇ!”

“ಏಳಂಗಿಲ್ಲ.”