ಅಳಿಯ ಬರೆದುಕೊಂಡ ತೂಕ

ಸಣ್ಣ ವಿಮಾನಗಳ ನಿಲ್ದಾಣದಲ್ಲಿ ಕಿಟಕಿ ಒರೆಸುತ್ತಿದ್ದ ಹುಡುಗಿ ತಲೆ ಎತ್ತಲಿಲ್ಲ; ಅವಳ ಕಿವಿ ಮಾತ್ರ ಬೆಂಚಿನ ಮೇಲೆ ಕೂತಿದ್ದ ಅತ್ತೆ-ಅಳಿಯನ ಕಡೆಗಿತ್ತು. ಅಳಿಯನಿಗೆ ಹೊಸದಾಗಿ ಪೈಲಟ್ ಲೈಸೆನ್ಸ್ ಸಿಕ್ಕಿತ್ತು. ಹೆರಿಗೆಗೆ ದಿನ ಎಣಿಸುತ್ತಿದ್ದ ಹೆಂಡತಿಯ ಬಳಿಗೆ ಅತ್ತೆಯನ್ನು ತಾನೇ ವಿಮಾನದಲ್ಲಿ ಕರೆದುಕೊಂಡು ಹೋಗುವವನಿದ್ದ.

“ಅತ್ತೆ, ನಿಮ್ಮ ತೂಕ ಹೇಳಿ, ಬರ್ಕೋಬೇಕು.”

“ದೊಡ್ಡ ವಿಮಾನದವರು ಒಂದು ದಿನಾನೂ ಕೇಳಿಲ್ಲಪ್ಪ.”

“ಅದ್ರಲ್ಲಿ ಇನ್ನೂರು ಜನ ಇರ್ತಾರೆ. ಇದ್ರಲ್ಲಿ ನಾವಿಬ್ರೇ.”

“ಅಲ್ಲಿ ಪೈಲಟ್ಟಿಗೆ ತಲೆ ಸುತ್ತಿದ್ರೆ ಇನ್ನೊಬ್ಬ ಇರ್ತಾನೆ. ನಿಂಗೆ?”

“ನೀವಿರ್ತೀರಲ್ಲ.”

“ನಂಗೆ ಸೈಕಲ್ಲೂ ಬರಲ್ಲ.”

“ತೂಕ ಹೇಳಿ ಅತ್ತೆ.”

“ಐವತ್ತೆಂಟು ಕೆ.ಜಿ.”

ಅಳಿಯ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಬರೆದುಕೊಂಡ. ಅತ್ತೆ ಕತ್ತು ಚಾಚಿ ಕಾಗದ ನೋಡಿದರು.

“ಎಪ್ಪತ್ತಾರು ಅಂತ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ನಿಮ್ಮ ಮಾತು ನಂಬಿ ಹಾರಿಸಿದ್ರೆ ಇಬ್ರೂ ರನ್‌ವೇ ಕೊನೇಲಿರೋ ಆ ಬೇಲಿ ದಾಟಲ್ಲ.”

ಅತ್ತೆ ಚೀಲ ಎತ್ತಿಕೊಂಡರು.

“ನಡಿ. ಅತ್ತೆ ಮಾತನ್ನೇ ನಂಬದೋನು ವಿಮಾನಾನ ಹುಷಾರಾಗೇ ಓಡಿಸ್ತಾನೆ.”

ಬಾಗಿಲು ದಾಟುವಾಗ ಅತ್ತೆಯ ದನಿ ತಗ್ಗಿತು.

“ಎಂಬತ್ತೊಂದು ಅಂತ ತಿದ್ದಪ್ಪ.”