ಪಕ್ಕದ ಸೀಟಿನ ಗುಂಡಿ

...ಇಲ್ಲ ಲೊರೀನ್, ಕೂರಲ್ಲ, ನಿಂತೇ ಹೇಳ್ತೀನಿ. ಕೂತ್ರೆ ಈ ಮಂಡಿ ಆಮೇಲೆ ಏಳೋಕೆ ಬಿಡಲ್ಲ. ಕಾಫಿ ಬೇಡ. ಆಯ್ತು, ಅರ್ಧ ಕಪ್ಪು ಹಾಕು. ವಿಷಯ ಇಷ್ಟೇ. ನಾಳೆ ಮಧ್ಯಾಹ್ನ ಚರ್ಚ್ ಹಾಲಲ್ಲಿ ನನ್ನ ಚುನಾವಣೆ ಪ್ರಚಾರದ ಊಟ ಇದೆ. ನೀನು ನನ್ನ ಪಕ್ಕ ನಿಂತು, "ನನ್ನ ಗಂಡ ಕ್ಲೆಲ್ ಈ ವರ್ಲಿನ್‌ನ ನಂಬಿದ್ದ" ಅಂದ್ರೆ ಸಾಕು.

ಯಾಕೆ ನಗ್ತೀಯ?

ಕ್ಷೇತ್ರದ ಗಡಿ ಬದಲಾಗಿದೆ ಮಾರಾಯ್ತಿ, ನಿಮ್ಮೂರು ಈಗ ನನ್ನದಕ್ಕೆ ಸೇರಿದೆ. ಇಲ್ಲಿ ನನ್ನ ಮುಖ ಯಾರಿಗೂ ಆಗಲ್ಲ. ಮೇಲೆ ನಮ್ಮ ಪಾರ್ಟಿ ಒಳಗೇ ಒಬ್ಬ ಎದುರು ನಿಂತಿದಾನೆ, ಟ್ರ್ಯಾಕ್ಟರ್ ಡೀಲರ್ ಮಗ. ನಾನು ಮೆತ್ತಗಾದ ಮುದುಕ ಅಂತಾನೆ. ನಾನು! ಇಪ್ಪತ್ತಾರು ವರ್ಷ ಶಾಸನಸಭೇಲಿ ಕೂತಿದೀನಿ. ತೆರಿಗೆ ಏರಿಸೋ ಮಸೂದೆ ಹನ್ನೊಂದು ಬಂತು, ಹನ್ನೊಂದಕ್ಕೂ ಬೇಡ ಅಂದೆ. ಜನರ ಬಂದೂಕು ಕಿತ್ಕೊಳ್ಳೋ ಕಾನೂನು ತಂದವರಿಗೆಲ್ಲ ಬೇಡ ಅಂದೆ. ನಮ್ಮ ಪಾರ್ಟಿ ಗವರ್ನರ್‌ಗೇ ಬೇಡ ಅಂದೆ, ಅವನು ಬಾರ್ಬೆಕ್ಯೂಗೆ ಕರೆಯೋದನ್ನೇ ಬಿಟ್ಟ. ನೋಡು, ಪುಸ್ತಕ ಅಚ್ಚು ಹಾಕ್ಸಿದೀನಿ. ಒಂದೊಂದು ಮತವೂ ಇದೆ, ಒಂದೂ ತಪ್ಪಿಸಿಲ್ಲ...

ಆ ಪುಟ ಬೇಡ. ಕೊಡಿಲ್ಲಿ. ಲೊರೀನ್...

ಸರಿ, ನೋಡು. ಸಣ್ಣ ಊರಿನ ಆಸ್ಪತ್ರೆಗಳಿಗೆ ಸರ್ಕಾರ ಕೊಡ್ತಿದ್ದ ದುಡ್ಡು ನಿಲ್ಲಿಸೋ ಮಸೂದೆ. ಹೌದು, ಒಂದೇ ಮತದಲ್ಲಿ ಪಾಸಾಯ್ತು. ನಿಮ್ಮೂರ ಆಸ್ಪತ್ರೆಗೆ ಬೀಗ ಬಿತ್ತು. ನಾನು ಅದರ ಪರ ಇದ್ದೆ, ಯಾವತ್ತೂ ಬಚ್ಚಿಟ್ಟಿಲ್ಲ. ಸರ್ಕಾರ ಚಿಕ್ಕದಿರಬೇಕು ಅಂದಮೇಲೆ ನಮಗೆ ಬೇಕಾದ ಕಡೆ ಮಾತ್ರ ದೊಡ್ಡದಿರಲಿ ಅನ್ನೋಕಾಗುತ್ತಾ? ಕ್ಲೆಲ್‌ಗೂ ಕೊನೇಲಿ ಹಾಗೇ ಅನಿಸ್ತು. ಇಬ್ಬರ ಹೆಸರ ಮುಂದೂ "ಹೌದು" ಅಂತಿದೆಯಲ್ಲ. ಸಭೇಲಿ ನನ್ನ ಪಕ್ಕದ ಸೀಟಲ್ಲೇ ಕೂತು ಮತದ ಗುಂಡಿ ಒತ್ತಿದ, ನಾನೇ ಕಣ್ಣಾರೆ...

ಹಾಗೆ ನೋಡ್ಬೇಡ. ದಿನಾಂಕದ ಮೇಲೆ ಯಾಕೆ ಬೆರಳಿಟ್ಟೆ? ಮಾರ್ಚ್ ಹನ್ನೆರಡು. ಅದಕ್ಕೇನೀಗ?

ಓ... ಆವತ್ತು ನಿನ್ನ ಆಪರೇಷನ್.

ಬೆಳಿಗ್ಗೆ ಸಭೆಗೆ ಬಂದು ಹೋಗಿದ್ದ ಅನ್ಸುತ್ತೆ. ಸ್ವಲ್ಪ ಹೊತ್ತು... ಇಲ್ಲ. ಬಂದಿರ್ಲಿಲ್ಲ. ನಿನ್ನ ಹಾಸಿಗೆ ಪಕ್ಕ ಇದ್ದ. ಅಲ್ಲಿಂದ್ಲೇ ಫೋನ್ ಮಾಡಿದ್ದ.

ನಮ್ಮ ಪದ್ಧತಿ ನಿಂಗೆ ಗೊತ್ತು. ಒಬ್ಬ ಇಲ್ಲದಾಗ ಪಕ್ಕದ ಸೀಟಿನವ ಅವನ ಗುಂಡಿ ಒತ್ತೋದು. ನಿಯಮದಲ್ಲಿಲ್ಲ, ಆದ್ರೂ ಎಲ್ಲರೂ ಮಾಡ್ತಾರೆ. ಅವನು ಏನು ಹೇಳಿದ್ನೋ ಅದನ್ನೇ ಒತ್ತಬೇಕು, ಅಷ್ಟೇ. ಹದಿನಾಲ್ಕು ವರ್ಷ ಅವನು ನಂದು ಒತ್ತಿದ, ನಾನು ಅವಂದು ಒತ್ತಿದೆ. ಆವತ್ತು "ಬೇಡ ಅಂತ್ಲೇ ಒತ್ತು ವರ್ಲಿನ್" ಅಂದ. ಆಯ್ತು ಅಂದೆ. ಆಮೇಲೆ ಮತ ತೋರಿಸೋ ಬೋರ್ಡ್ ನೋಡಿದೆ. ಮಸೂದೆ ಪಾಸಾಗೋಕೆ ಒಂದು ಮತ ಕಮ್ಮಿ ಇತ್ತು ಲೊರೀನ್. ಒಂದೇ ಒಂದು.

ಮಾರನೇ ದಿನ ಅವನು ಚೀಟಿ ಬರೆದು ಕೊಡಬಹುದಿತ್ತು, "ನನ್ನ ಮತ ತಪ್ಪಾಗಿ ದಾಖಲಾಗಿದೆ" ಅಂತ. ಫಲಿತಾಂಶ ಬದಲಾಗ್ತಿರ್ಲಿಲ್ಲ, ಅವನ ಹೆಸರು ಉಳೀತಿತ್ತು. ಆದ್ರೆ ಒತ್ತಿದ್ದು ಯಾರು ಅಂತ ಕೇಳೋರು, ನನ್ನ ಕಥೆ ಮುಗೀತಿತ್ತು. ಅವನು ಬರೀಲಿಲ್ಲ. ನನ್ನ ಹತ್ರ ಮಾತು ಬಿಟ್ಟ, ಅಷ್ಟೇ. ಆಸ್ಪತ್ರೆ ಉಳಿಸ್ತೀನಿ ಅಂತ ಮಾತು ಕೊಟ್ಟಿದ್ದ ಅಂತ ನಿಮ್ಮೂರೋರು ಅವನನ್ನೇ ಸೋಲಿಸಿದ್ರು. ಆಗ್ಲೂ ನಾನು ಸುಮ್ನಿದ್ದೆ. ನಾಚಿಕೆ ಆಗುತ್ತೆ ಹೇಳೋಕೆ, ಸುಮ್ನಿದ್ದೆ.

ಹೋದ ಚಳಿಗಾಲ ಎದೆನೋವು ಬಂದಾಗ ಅವನನ್ನ ಎಷ್ಟು ದೂರ ಕರ್ಕೊಂಡು... ಹೇಳ್ಬೇಡ. ಗೊತ್ತು. ಅರವತ್ತೆಂಟು ಮೈಲಿ.

ಬೈಯಿ. ಏನು, ಮೊದ್ಲೇ ಗೊತ್ತಿತ್ತಾ? ಅವನೇ ನಿಂಗೆ ಹೇಳಿದ್ನಾ? ಯಾವಾಗ? ...ಆವತ್ತೇನಾ?

ಹಾಗಾದ್ರೆ ಎಲ್ಲ ಗೊತ್ತಿದ್ದೇನಾ ನೀನು, ಅವನ ಶವಪೆಟ್ಟಿಗೆ ಹೊರೋಕೆ ನನ್ನನ್ನ ಕರೆದದ್ದು?